ಹದಿನೇಳನೇ ನಂಬರಿನ ರಕ್ತ

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಒಬ್ಬ ಬಸುರಿ ಹೆಂಗಸು ರಿಪೋರ್ಟು ಹಿಡಿದುಕೊಂಡು ಗುಬ್ಬಿಯ ಆ ಸಣ್ಣ ಲ್ಯಾಬಿನ ಕೌಂಟರಿಗೆ ಬಂದಾಗ, ಹೆಪ್ಸಿಬಾಗೆ ಅದು ಮಾಮೂಲಿ ತಕರಾರು ಅನ್ನಿಸಿತು.

"ಮೇಡಂ, ಇದ್ರಲ್ಲಿ ನಂಗೆ ಹಿಮೋಗ್ಲೋಬಿನ್ ಆರು ಪಾಯಿಂಟ್ ಒಂದು ಅಂತ ಬಂದಿದೆ. ಡಾಕ್ಟ್ರು ನೋಡಿ ಗಾಬ್ರಿ ಬಿದ್ಬಿಟ್ರು. ತಕ್ಷಣ ರಕ್ತ ಹಾಕಿಸ್ಬೇಕು ಅಂತಾರೆ. ನಂಗೆ ನೋಡಿದ್ರೆ ಏನೂ ಸುಸ್ತಿಲ್ಲ. ದಿನಾ ನಾಲ್ಕು ಪೀರಿಯಡ್ ನಿಂತ್ಕೊಂಡೇ ಪಾಠ ಮಾಡ್ತಾ ಇದೀನಿ. ಇನ್ನೊಂದ್ಸಲ ನೋಡ್ತೀರಾ?"

ಅವಳ ಹೆಸರು ಸುಧಾ. ಊರಿನದೇ ಒಂದು ಶಾಲೆಯ ಟೀಚರು. ಕೆನ್ನೆಯಲ್ಲಿ ಕೆಂಪಿತ್ತು, ಉಗುರಿನಲ್ಲೂ ಕೆಂಪಿತ್ತು. ಹದಿಮೂರು ವರ್ಷದಿಂದ ಜನರ ರಕ್ತ ತೆಗೆಯುತ್ತಿರುವ ಹೆಪ್ಸಿಬಾಗೆ ಅವಳ ಮುಖ ನೋಡುತ್ತಿದ್ದಂತೆಯೇ ಇದು ಆರರ ರಕ್ತವಲ್ಲ ಅನ್ನಿಸಿತು. ಹೊಸದಾಗಿ ರಕ್ತ ತೆಗೆದು ಮೆಷಿನ್ನಿಗೆ ಹಾಕಿದಳು. ಹನ್ನೊಂದು ಪಾಯಿಂಟ್ ನಾಲ್ಕು.

"ಕೂತ್ಕೊಂಡಿರಿ, ಐದೇ ನಿಮಿಷ," ಎಂದು ಒಳಗೆ ಹೋಗಿ ಫ್ರಿಜ್ಜಿನ ಬಾಗಿಲು ತೆಗೆದಳು. ಬುಧವಾರದ ಟ್ಯೂಬುಗಳು ಇನ್ನೂ ಅಲ್ಲೇ ಇದ್ದವು. ಹದಿನೆಂಟನೇ ನಂಬರಿನ ಮೇಲೆ ಸುಧಾಳ ಹೆಸರು. ಅದರ ಪಕ್ಕದ ಹದಿನೇಳನೆಯದು ಶಶಿಕಲಾ, ಚೇಳೂರು, ಒಂಬತ್ತನೇ ತಿಂಗಳು. ಹೆಪ್ಸಿಬಾ ಮೂರೂ ಟ್ಯೂಬಿನ ರಕ್ತದ ಗುಂಪು ನೋಡಿದಳು. ಈಗ ತೆಗೆದ ಸುಧಾಳ ರಕ್ತ ಬಿ ಗುಂಪು. ಸುಧಾಳ ಹೆಸರಿದ್ದ ಟ್ಯೂಬಿನಲ್ಲಿ ಒ. ಶಶಿಕಲಾಳ ಹೆಸರಿದ್ದ ಟ್ಯೂಬಿನಲ್ಲಿ ಬಿ.

ಹೆಸರು ಬರೆಯುವಾಗ ಎರಡೂ ಅದಲುಬದಲಾಗಿತ್ತು. ಬರೆದ ಅಕ್ಷರ ಅವಳದೇ.

ಬುಧವಾರದ ಆ ಗಳಿಗೆ ಅವಳಿಗೆ ಚೆನ್ನಾಗಿ ನೆನಪಿತ್ತು. ಎರಡೂ ಟ್ಯೂಬು ಎಡಗೈಯಲ್ಲಿದ್ದಾಗ ಫೋನು ಹೊಡೆದುಕೊಂಡಿತ್ತು. ದೊಡ್ಡ ಮಗಳು ಕೆಜಿಯಾಳ ಶಾಲೆಯಿಂದ. ಮಗು ವಾಂತಿ ಮಾಡ್ಕೊಂಡಿದೆ, ಮೈ ಸುಡ್ತಾ ಇದೆ, ಯಾರಾದ್ರೂ ಬಂದು ಕರ್ಕೊಂಡು ಹೋಗಿ ಅಂದಿದ್ದರು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೇ ಅವಳು ಹೆಸರು ಬರೆದಿದ್ದಳು.

ಹೆಪ್ಸಿಬಾಳ ಮನೆ ತುಮಕೂರಿನ ಬಟವಾಡಿಯಲ್ಲಿ. ನಾಲ್ಕೂಮುಕ್ಕಾಲಿಗೆ ಎದ್ದು ನೀರು ಕಾಯಿಸುವುದರಿಂದ ಅವಳ ದಿನ ಶುರು. ಎಂಟು ವರ್ಷದ ಕೆಜಿಯಾ, ನಾಲ್ಕು ವರ್ಷದ ಜೆಮೀಮಾ, ಇಬ್ಬರಿಗೂ ಡಬ್ಬಿ ಕಟ್ಟಿ, ಜಡೆ ಹಾಕಿ, ವ್ಯಾನು ಹತ್ತಿಸಿ, ತಾನು ಗುಬ್ಬಿ ಬಸ್ಸು ಹಿಡಿಯುವಷ್ಟರಲ್ಲಿ ಎಂಟೂಕಾಲು. ಗಂಡ ಜಯಕರನಿಗೆ ಬಿದರೆಹಳ್ಳಿ ಕಾವಲಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸ. ಶಿಫ್ಟಿಗೆ ಹೋದನೆಂದರೆ ಫೋನು ಗೇಟಿನಲ್ಲೇ ಬಿಡಬೇಕು. ಅತ್ತೆ ರೂತಮ್ಮ ಬೆಳಿಗ್ಗೆ ಐದಕ್ಕೆಲ್ಲ ಮುಖ ತೊಳೆದು, ತಲೆಗೆ ಸೆರಗು ಹೊದ್ದು, ಸತ್ಯವೇದ ತೆರೆದು ಕುಳಿತರೆ ಆರರವರೆಗೆ ಏಳುವವರಲ್ಲ. ಅಡುಗೆಮನೆಯಲ್ಲಿ ಕುಕ್ಕರು ಕೂಗಿದರೆ ಅವರ ಪ್ರಾರ್ಥನೆಯ ದನಿ ಸ್ವಲ್ಪ ಏರುತ್ತಿತ್ತು. ಅದು ತನ್ನ ಮೇಲಿನ ದೂರು ಎಂದೇ ಹೆಪ್ಸಿಬಾಗೆ ಅನ್ನಿಸುತ್ತಿತ್ತು.

ವರ್ಷದ ಮೊದಲ ದಿನ ಚರ್ಚಿನಲ್ಲಿ ಕೊಟ್ಟಿದ್ದ ದಿನಕ್ಕಿಷ್ಟು ಅಧ್ಯಾಯವೆಂಬ ಬೈಬಲ್ ಓದಿನ ಪಟ್ಟಿಯನ್ನು ಅವಳೂ ಫ್ರಿಜ್ಜಿಗೆ ಅಂಟಿಸಿದ್ದಳು. ಫೆಬ್ರುವರಿ ಹದಿಮೂರರವರೆಗೆ ಗೀಟು ಬಿದ್ದಿತ್ತು. ಈಗ ಆಗಸ್ಟು. ಅವಳ ಪ್ರಾರ್ಥನೆಯೆಲ್ಲ ಗುಬ್ಬಿ ಬಸ್ಸಿನಲ್ಲಿ, ಅದೂ ಕಂಬಿ ಹಿಡಿದು ನಿಂತುಕೊಂಡೇ. "ಕರ್ತನೇ, ಈ ದಿನಕ್ಕಾಗಿ ಸ್ತೋತ್ರ" ಎಂದು ಶುರು ಮಾಡಿದರೆ ಮುಂದಿನ ಮಾತು ಬರುವ ಮೊದಲೇ ಉದ್ದು ನೆನೆಹಾಕಿಲ್ಲವಲ್ಲ, ಜೆಮೀಮಾಳ ಯೂನಿಫಾರಂ ಒಣಗಿದೆಯೋ ಇಲ್ಲವೋ ಎಂದು ಮನಸ್ಸು ಎಲ್ಲೆಲ್ಲಿಗೋ ಓಡುತ್ತಿತ್ತು. ದೇವರು ತನ್ನನ್ನು ನೋಡಿ ನಿಟ್ಟುಸಿರು ಬಿಡುತ್ತಿರಬಹುದು ಎಂದು ಅವಳಿಗೆ ಒಳಗೊಳಗೇ ಖಾತ್ರಿಯಿತ್ತು.

ಲ್ಯಾಬಿನ ಮಾಲೀಕ ಲಕ್ಷ್ಮೀಕಾಂತ್ ಕೆಟ್ಟ ಮನುಷ್ಯನಲ್ಲ. ಹೆಪ್ಸಿಬಾ ಹೇಳಿದ್ದನ್ನೆಲ್ಲ ಕೇಳಿ, ಬಾಗಿಲು ಮುಂದೆ ಮಾಡಿ, ತಗ್ಗಿದ ದನಿಯಲ್ಲಿ ಹೇಳಿದ:

"ನೋಡಮ್ಮ, ಆಗಿದ್ದು ಆಗೋಯ್ತು. ಸುಧಾ ಅವ್ರಿಗೆ ಹೊಸ ರಿಪೋರ್ಟ್ ಕೊಟ್ಬಿಡಿ. ಮೆಷಿನ್ ಪ್ರಾಬ್ಲಂ ಇತ್ತು ಅನ್ನಿ. ಆ ಇನ್ನೊಬ್ರುನ್ನ ಹೆರಿಗೆಗೆ ಅಡ್ಮಿಟ್ ಮಾಡೋವಾಗ ಆಸ್ಪತ್ರೇಲೇ ಇನ್ನೊಂದ್ಸಲ ನೋಡ್ತಾರೆ. ಇದು ಊರಿಗೆಲ್ಲ ಗೊತ್ತಾದ್ರೆ ಲ್ಯಾಬಿನ ಹೆಸ್ರು ಏನಾಗುತ್ತೆ ಹೇಳಿ."

ಹೆಪ್ಸಿಬಾ ತಲೆಯಾಡಿಸಿದಳು. ಹೊರಗೆ ಬಂದು ಸುಧಾಳಿಗೆ ಹೊಸ ರಿಪೋರ್ಟು ಕೊಟ್ಟು, "ಮೆಷಿನ್ನಲ್ಲಿ ಏನೋ ತೊಂದ್ರೆ ಆಗಿತ್ತು ಮೇಡಂ, ಸಾರಿ," ಅಂದಳು. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು.

ಸುಧಾ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಸದ್ಯ, ಬದ್ಕಿದೆ. ನಿಜವಾಗ್ಲೂ ಅಷ್ಟು ಕಮ್ಮಿ ಇದ್ದಿದ್ರೆ ಹೆರಿಗೆ ಹೊತ್ತಲ್ಲಿ ಜೀವಕ್ಕೇ ಕಷ್ಟ ಅಂದಿದ್ರು ಡಾಕ್ಟ್ರು. ನಿನ್ನೆಯೆಲ್ಲ ಊಟ ಸೇರ್ಲಿಲ್ಲ ನೋಡಿ."

ಅವಳು ಹೋದ ಮೇಲೆ ಹೆಪ್ಸಿಬಾ ಕುರ್ಚಿಯಲ್ಲಿ ಕುಳಿತಳು. ಮುಂದಿನ ರೋಗಿ ತೋಳು ಚಾಚಿದರು. ಅವಳ ಕೈ ಸಿರಿಂಜಿನ ಕಡೆಗೆ ಹೋಗಲಿಲ್ಲ. ಒಂಬತ್ತನೇ ತಿಂಗಳು. ಆರು ಪಾಯಿಂಟ್ ಒಂದು. ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತದೆಂದು ಯಾರು ಕಂಡರು? ದಾರಿಯಲ್ಲಿ ನೋವು ಬಂದರೆ? ರಕ್ತ ತರಿಸುವಷ್ಟು ಹೊತ್ತೇ ಇಲ್ಲದಿದ್ದರೆ?

ರಿಜಿಸ್ಟರಿನಲ್ಲಿದ್ದ ನಂಬರಿಗೆ ಫೋನು ಮಾಡಿದಳು. ಎತ್ತಿದವನು ಶಶಿಕಲಾಳ ಗಂಡ ಗಂಗರಾಜು.

"ಅವ್ಳು ಇಲ್ಲಿಲ್ಲ ಕಣಮ್ಮ. ಗುರುವಾರನೇ ಕುಣಿಗಲ್‌ಗೆ ಅವ್ರಮ್ಮನ ಮನೆಗೆ ಹೋದ್ಲು. ಯಾಕೆ?"

"ಒಂದು ಸಣ್ಣ ಡೌಟ್ ಇದೆ ಅಣ್ಣ. ಇನ್ನೊಂದ್ಸಲ ಟೆಸ್ಟ್ ಮಾಡ್ಬೇಕು. ಅವ್ರ ನಂಬರ್ ಕೊಡ್ತೀರಾ?"

"ಅವ್ಳ ಫೋನು ಕೆಟ್ಟೋಗದೆ, ಅವ್ರಮ್ಮನ ತಾವ ಫೋನೇ ಇಲ್ಲ. ಹನ್ನೊಂದೂವರೆ ಐತೆ, ರಕ್ತ ಬಾಳ ಚೆನ್ನಾಗೈತೆ ಅಂತ ನೀವೇ ಕೊಟ್ರಲ್ಲ? ಮತ್ತೆ ಏನ್ ಟೆಸ್ಟು? ಸುಮ್ನೆ ಓಡಾಡಿಸ್ಬೇಡಿ ಕಣ್ರಮ್ಮ ಬಸ್ರೀನ."

"ಕುಣಿಗಲ್ಲಲ್ಲಿ ಮನೆ ಎಲ್ಲಿ ಅಂತ ಹೇಳಿ ಅಣ್ಣ, ನಾನೇ ಹೋಗ್ತೀನಿ."

"ದೊಡ್ಡಕೆರೆ ಹತ್ರ ನಮ್ಮತ್ತೆ ಇಡ್ಲಿ ಅಂಗ್ಡಿ ಇಟ್ಕಂಡವ್ರೆ. ಕದರಮ್ಮ ಅಂದ್ರೆ ಯಾರಾದ್ರೂ ತೋರುಸ್ತಾರೆ." ಅವನ ದನಿ ತಟ್ಟನೆ ಬದಲಾಯಿತು. "ಅಲ್ಲಿಗಂಟ ಹೋಗೋ ಅಂಥದ್ದು ಏನಾಗೈತೆ?"

ಹೇಳಬೇಕಿತ್ತು. ಅದರ ಬದಲು "ಹೋಗಿ ನೋಡಿ ಹೇಳ್ತೀನಿ," ಎಂದು ಫೋನು ಇಟ್ಟಳು. ರಕ್ತ ತೆಗೆಯುವ ಸಾಮಾನನ್ನು ಡಬ್ಬಿಗೆ ಹಾಕಿಕೊಂಡು, ಲಕ್ಷ್ಮೀಕಾಂತನಿಗೆ "ಸರ್, ನಾನು ಹೋಗ್ತಾ ಇದೀನಿ" ಎಂದಷ್ಟೇ ಹೇಳಿ ಬೀದಿಗಿಳಿದಳು. ಅವನು ಹಿಂದಿನಿಂದ ಕರೆದದ್ದು ಕೇಳಿಸಿತು. ತಿರುಗಲಿಲ್ಲ.

ತುಮಕೂರು ಬಸ್ಸಿನಲ್ಲಿ ಕುಳಿತ ಮೇಲೆ ಮಕ್ಕಳ ನೆನಪಾಯಿತು. ಶನಿವಾರ ಅರ್ಧ ದಿನ ಶಾಲೆ. ಹನ್ನೆರಡೂವರೆಗೆ ವ್ಯಾನು ಬಿಟ್ಟು ಹೋಗುತ್ತದೆ. ಕೆಜಿಯಾಗೆ ಜ್ವರ ಬಿಟ್ಟು ಒಂದೇ ದಿನವಾಗಿದೆ. ಅತ್ತೆಗೆ ಮಂಡಿನೋವು, ಮಧ್ಯಾಹ್ನ ಮಲಗಬೇಕು. ಅದಕ್ಕೇ ಶನಿವಾರ ಒಂದು ಗಂಟೆಗೆ ಮನೆಯಲ್ಲಿರುತ್ತೇನೆಂದು ಹೆಪ್ಸಿಬಾ ಎಂದೋ ಒಪ್ಪಿಕೊಂಡಿದ್ದಳು. ಫೋನು ಮಾಡಿದಳು.

"ಅತ್ತೆ, ನಾನು ಕುಣಿಗಲ್‌ಗೆ ಹೋಗ್ಬೇಕಾಗಿದೆ. ಬರೋದು ಸಂಜೆ ಆಗುತ್ತೆ."

"ಕುಣಿಗಲ್‌ಗಾ? ಇವತ್ತು ಯಾಕೆ?"

ಬಸ್ಸಿನ ಸದ್ದಿನ ನಡುವೆ, ಪಕ್ಕದ ಸೀಟಿನವರಿಗೆ ಕೇಳಿಸದಂತೆ ಬಾಯಿಗೆ ಕೈ ಅಡ್ಡ ಹಿಡಿದು ಹೇಳಿದಳು. "ನಾನೊಂದು ದೊಡ್ಡ ತಪ್ಪು ಮಾಡ್ಬಿಟ್ಟಿದೀನಿ ಅತ್ತೆ. ಇಬ್ರು ಬಸ್ರೇರ ರಕ್ತ ಅದಲು ಬದಲು ಮಾಡಿದೀನಿ. ಒಬ್ಳಿಗೆ ಮೈಯಲ್ಲಿ ರಕ್ತನೇ ಇಲ್ಲ. ಅವ್ಳಿಗೆ ಚೆನ್ನಾಗಿದೀಯ ಅಂತ ಬರ್ದುಕೊಟ್ಟಿದೀನಿ."

ಬೈಯುತ್ತಾರೆ, ಪ್ರಾರ್ಥನೆ ಇಲ್ಲದ ಕೈಯ ಕೆಲಸ ಹೀಗೇ ಆಗುವುದು ಅನ್ನುತ್ತಾರೆ ಎಂದು ಹೆಪ್ಸಿಬಾ ಕಾದಳು.

"ದುಪ್ಪಟ್ಟಾ ತಲೆಗೆ ಹಾಕ್ಕೊ, ಬಿಸ್ಲಿದೆ," ಅಂದರು ರೂತಮ್ಮ. "ಮಕ್ಳುನ್ನ ನಾನು ನೋಡ್ಕೋತೀನಿ. ಹೋಗಿ ಅವ್ಳ ಮುಖ ನೋಡಿ ಹೇಳು. ಫೋನಲ್ಲಿ ಹೇಳ್ಬೇಡ."

ತುಮಕೂರಿನಲ್ಲಿ ಬಸ್ಸು ಬದಲಿಸಿ ಕುಣಿಗಲ್ ಬಸ್ಸು ಹತ್ತಿದಳು. ಒಂದೂವರೆ ತಾಸಿನ ದಾರಿ. ಪ್ರತಿ ಸ್ಟಾಪಿನಲ್ಲೂ ಬಸ್ಸು ನಿಂತಾಗ ಅವಳು ಗಂಟೆ ನೋಡುತ್ತಿದ್ದಳು. ಎರಡು ಸಲ ಗಂಗರಾಜು ಫೋನು ಮಾಡಿದ. ಮೊದಲನೆಯ ಸಲ ಎತ್ತಲಿಲ್ಲ. ಎರಡನೆಯ ಸಲ ಎತ್ತಿ ಎಲ್ಲ ಹೇಳಿಬಿಟ್ಟಳು. ಅವನು ಬೈದ ಬೈಗುಳ ಪಕ್ಕದವರಿಗೂ ಕೇಳಿಸಿರಬೇಕು. "ನನ್ನ ಹೆಂಡ್ತಿಗೇನಾದ್ರೂ ಆದ್ರೆ ಬುಡಕ್ಕಿಲ್ಲ ನಿನ್ನ," ಎಂದು ಫೋನು ಕಡಿದ. ಅವಳು ಕಿಟಕಿಗೆ ತಲೆಯಾನಿಸಿ ಪ್ರಾರ್ಥನೆ ಮಾಡಲು ನೋಡಿದಳು. ಚಿಕ್ಕಂದಿನಿಂದ ಕೇಳಿದ ಚೆಂದದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಕರ್ತನೇ" ಅಂದಳು. ಮತ್ತೆ "ಕರ್ತನೇ" ಅಂದಳು. ಅಷ್ಟೇ. ಇವತ್ತು ಮಾತ್ರ ಮನಸ್ಸು ಬೇರೆಲ್ಲಿಗೂ ಓಡಲಿಲ್ಲ.

ಕದರಮ್ಮನ ಅಂಗಡಿ ಕೆರೆಯ ಕಡೆಗೆ ಹೋಗುವ ರಸ್ತೆಯಲ್ಲಿ ತಗಡಿನ ಸೂರಿನ ಕೆಳಗಿತ್ತು. ಅದರ ಹಿಂದೆಯೇ ಮನೆ. ಐವತ್ತು ದಾಟಿದ ಗಟ್ಟಿಮುಟ್ಟು ಹೆಂಗಸು, ಪಾತ್ರೆಗಳ ರಾಶಿಯ ಮುಂದೆ ನಿಂತು ಒಳಗಡೆಗೆ ಕೂಗುತ್ತಿದ್ದಳು. "ಶಶೀ, ಎದ್ದು ಬಾರೇ. ಬೆಳಿಗ್ಗೆಯಿಂದ ಬಿದ್ಕಂಡಿದೀಯ. ನಾಕು ಲೋಟ ತೊಳ್ದಾಕಕ್ಕೂ ಆಗಾಕಿಲ್ವಾ? ಡಾಕ್ಟ್ರೇ ಹೇಳವ್ರೆ ರಕ್ತ ಜಾಸ್ತಿ ಐತೆ ಅಂತ. ಬಸ್ರೀಲಿ ಇಷ್ಟು ಸೋಮಾರಿ ಆದ್ರೆ ಹೆರೋದೆಂಗೆ?"

ಹೆಪ್ಸಿಬಾ ರಸ್ತೆಯಲ್ಲೇ ನಿಂತಳು. ತಾನು ಬರೆದ ಒಂದು ಅಂಕಿ ಮೂರು ದಿನದಿಂದ ಈ ಮನೆಯಲ್ಲಿ ಏನು ಮಾಡುತ್ತಿದೆ ಎಂಬುದು ಅವಳ ಕಣ್ಣೆದುರಿಗೇ ಇತ್ತು.

ಶಶಿಕಲಾ ಬಾಗಿಲ ಚೌಕಟ್ಟು ಹಿಡಿದುಕೊಂಡು ಹೊರಗೆ ಬಂದಳು. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇರಬಹುದು. ತುಟಿ ಬಿಳುಚಿತ್ತು, ಎರಡು ಹೆಜ್ಜೆಗೇ ಮೇಲುಸಿರು. ಹೆಪ್ಸಿಬಾ ಹೋಗಿ ಅವಳ ಕೈ ಹಿಡಿದು ಅಲ್ಲೇ ಬೆಂಚಿನ ಮೇಲೆ ಕೂರಿಸಿದಳು. ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದಳು. ಕಾಗದದ ಹಾಗೆ ಬೆಳ್ಳಗಿತ್ತು.

"ನಾನು ಗುಬ್ಬಿ ಲ್ಯಾಬಿನೋಳು. ನಿಮ್ಮ ರಿಪೋರ್ಟು ತಪ್ಪು. ಬೇರೆಯೋರ್ದು ನಿಮ್ಗೆ, ನಿಮ್ದು ಬೇರೆಯೋರ್ಗೆ ಬರ್ದಿದೀನಿ. ನನ್ನ ಕೈಯಿಂದ್ಲೇ ಆಗಿದ್ದು. ನಿಮ್ಗೆ ರಕ್ತ ತುಂಬ ಕಮ್ಮಿ ಇದೆ. ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು."

ಕದರಮ್ಮನ ಕೈಯಲ್ಲಿದ್ದ ತಟ್ಟೆ ಠಣ್ಣೆಂದು ಕೆಳಗೆ ಬಿತ್ತು. "ಏನಂದೆ? ಮನುಷ್ಯಳೇನೇ ನೀನು? ಬಸ್ರಿ ಹೆಣ್ಣು, ನಿಂಗೆ ಆಟದ ಸಾಮಾನಾ? ನಿಂಗೇನು ಮಕ್ಳಿಲ್ವಾ?" ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಹೆಪ್ಸಿಬಾ ತಲೆ ತಗ್ಗಿಸಿ ನಿಂತಳು. ಮಗುವಿಗೆ ಜ್ವರವಿತ್ತು, ಫೋನು ಬಂತು, ನಿದ್ದೆಯಿರಲಿಲ್ಲ ಎಂಬುದೆಲ್ಲ ನಿಜವೇ. ಆದರೆ ಒಂದನ್ನೂ ಹೇಳಬೇಕೆನಿಸಲಿಲ್ಲ.

ಶಶಿಕಲಾ ಅಳುತ್ತಿದ್ದಳು. ಹೆದರಿಕೆಯಿಂದ ಎಂದುಕೊಂಡು ಹೆಪ್ಸಿಬಾ ಅವಳ ಬೆನ್ನು ಸವರಿದಳು.

"ಅಂದ್ರೆ ನಾನು ಸೋಮಾರಿ ಅಲ್ಲ ಅಲ್ವಾ ಅಕ್ಕ?" ಅಂದಳು ಶಶಿಕಲಾ. "ಮೂರು ದಿನದಿಂದ ನಂಗೂ ಹಂಗೇ ಅನ್ಸಿತ್ತು. ಎಲ್ಲಾ ಸರೀಗೈತೆ, ನಂಗೇ ಮೈ ಬಗ್ತಿಲ್ಲ, ನಂದೇ ನಾಟ್ಕ ಅಂತ."

ಕದರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಆಟೋದವನನ್ನು ಕೂಗಿದಳು.

ತಾಲ್ಲೂಕು ಆಸ್ಪತ್ರೆಯಲ್ಲಿ ನೋಡಿದಾಗ ಐದು ಪಾಯಿಂಟ್ ಒಂಬತ್ತು. ಡ್ಯೂಟಿ ಡಾಕ್ಟರು ಒಂದು ಮಾತನ್ನೂ ವ್ಯರ್ಥ ಮಾಡದೆ ತುಮಕೂರಿನ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಆಂಬುಲೆನ್ಸಿನಲ್ಲಿ ಶಶಿಕಲಾ ಮಲಗಿದ್ದಳು, ಒಂದು ಕಡೆ ಅವಳ ತಾಯಿ, ಇನ್ನೊಂದು ಕಡೆ ಹೆಪ್ಸಿಬಾ. ಪ್ರತಿ ಹಳ್ಳಕ್ಕೂ ಹೆಪ್ಸಿಬಾಳ ಕೈ ತಾನಾಗಿ ಆ ಹೊಟ್ಟೆಯ ಮೇಲೆ ಹೋಗುತ್ತಿತ್ತು. ಒಮ್ಮೆ ಒಳಗಿನಿಂದ ಮಗು ಒದ್ದಿತು. ಕದರಮ್ಮ ಅದನ್ನು ನೋಡಿದಳು.

ತುಮಕೂರಿನಲ್ಲಿ ಅಡ್ಮಿಟ್ ಆಗುವ ಹೊತ್ತಿಗೆ ಐದು ಗಂಟೆ. ಎರಡು ಬಾಟಲಿ ರಕ್ತ ಬೇಕು ಎಂದರು. ಬ್ಲಡ್ ಬ್ಯಾಂಕಿನಲ್ಲಿ ರಕ್ತವಿತ್ತು, ಬದಲಿಗೆ ಯಾರಾದರೂ ಕೊಟ್ಟರೆ ಒಳ್ಳೆಯದು ಅಂದರು. ಹೆಪ್ಸಿಬಾ ಎಲ್ಲರಿಗಿಂತ ಮೊದಲು ಹೋಗಿ ತೋಳು ಚಾಚಿದಳು. ಬೆಳಿಗ್ಗೆಯಿಂದ ಎದೆಯ ಮೇಲಿದ್ದ ಭಾರಕ್ಕೆ ಒಂದು ದಾರಿ ಸಿಕ್ಕಿದಂತಾಗಿತ್ತು. ತನ್ನ ರಕ್ತವನ್ನೇ ಕೊಟ್ಟುಬಿಟ್ಟರೆ ತನ್ನ ತಪ್ಪಿಗೆ ಅಷ್ಟಾದರೂ ಆದೀತು.

ಬೆರಳು ಚುಚ್ಚಿ ನೋಡಿದ ಹುಡುಗಿ ತಲೆಯೆತ್ತಿದಳು. "ಮೇಡಂ, ನಿಮ್ದೇ ಒಂಬತ್ತು ಪಾಯಿಂಟ್ ಎರಡು ಇದೆ. ನಿಮ್ಮ ಹತ್ರ ತಗೊಳ್ಳೋಕಾಗಲ್ಲ. ನೀವೇ ಟ್ರೀಟ್‌ಮೆಂಟ್ ತಗೊಬೇಕು."

ಹೆಪ್ಸಿಬಾ ಹೊರಗಿನ ಬೆಂಚಿನ ಮೇಲೆ ಬಂದು ಕುಳಿತಳು. ದಿನಾ ನೂರು ಜನರ ರಕ್ತ ನೋಡುವವಳು ತನ್ನದನ್ನು ಜೆಮೀಮಾ ಹುಟ್ಟಿದ ಮೇಲೆ ನೋಡಿಯೇ ಇರಲಿಲ್ಲ. ಕೊಡಲು ತನ್ನ ಹತ್ತಿರ ಏನೂ ಇಲ್ಲ. ತೋಳಿನಲ್ಲಿ ರಕ್ತವಿಲ್ಲ, ಬಾಯಲ್ಲಿ ಪ್ರಾರ್ಥನೆಯಿಲ್ಲ. ಬರಿಗೈ. ಬೆಳಿಗ್ಗೆಯಿಂದ ತಡೆದುಕೊಂಡಿದ್ದ ಅಳು ಆಗ ಬಂತು. ಬಂದ ಮೇಲೆ ನಿಲ್ಲಲಿಲ್ಲ.

ಯಾರೋ ಪಕ್ಕದಲ್ಲಿ ಬಂದು ಕುಳಿತರು. ಕದರಮ್ಮ. ಅವಳ ಮಡಿಲಲ್ಲಿ ಒಂದು ಸ್ಟೀಲಿನ ಡಬ್ಬಿ. ಹೊರಡುವ ಗಡಿಬಿಡಿಯಲ್ಲೂ ಮಗಳಿಗೆಂದು ಇಡ್ಲಿ ಹಾಕಿಕೊಂಡು ಬಂದಿದ್ದಳು.

"ರಕ್ತ ಹಾಕವ್ರೆ," ಅಂದಳು. "ಇಳೀತಾ ಐತೆ. ಮುಖಕ್ಕೆ ಒಂಚೂರು ಬಣ್ಣ ಬಂದಂಗೈತೆ." ಆಮೇಲೆ ಡಬ್ಬಿಯ ಮುಚ್ಚಳ ತೆಗೆದಳು. "ಆ ನರ್ಸಮ್ಮ ಹೇಳಿದ್ಲು, ನಿನ್ನ ಮೈಯಾಗೂ ರಕ್ತ ಇಲ್ವಂತೆ. ಬೆಳಿಗ್ಗೆಯಿಂದ ಏನು ತಿಂದಿದೀಯ?"

"ಬೇಡಮ್ಮ. ನಿಮ್ಮ ಮಗಳಿಗೆ ತಂದಿದ್ದು."

"ಅವ್ಳಿಗೂ ಐತೆ. ತಿನ್ನು."

"ನಾನು ನಿಮ್ಗೆ ಇಷ್ಟೆಲ್ಲ ಮಾಡಿ..."

"ಮಾಡಿದ್ದೀಯ. ನಾನೇನು ಇಲ್ಲ ಅಂದ್ನಾ?" ಕದರಮ್ಮನ ದನಿ ಒರಟಾಗಿಯೇ ಇತ್ತು. "ನಾನೂ ಮೂರು ದಿನ ಆ ಮಗೀನ ಬಾಯಿಗೆ ಬಂದಂಗೆ ಬೈದಿದೀನಿ. ಪೇಪರ್ ಮೇಲಿದ್ದಿದ್ದ ನಂಬ್ಕಂಡು, ಎದ್ರಿಗಿದ್ದ ಮಗಳ ಮುಖ ನೋಡ್ಲಿಲ್ಲ. ನೀನು ಹೇಳ್ದೆ ಸುಮ್ನಿದ್ದಿದ್ರೆ ಯಾವನಿಗೆ ಗೊತ್ತಾಗ್ತಿತ್ತು? ಬಂದ್ಯಲ್ಲ. ಹೂಂ, ಬಾಯಿ ತೆಗಿ."

ಇಡ್ಲಿಯನ್ನು ಚಟ್ನಿಪುಡಿಯಲ್ಲಿ ಅದ್ದಿ ತುತ್ತು ಮಾಡಿ ಮುಂದೆ ಹಿಡಿದಳು. ಹೆಪ್ಸಿಬಾ ತಿಂದಳು. ತಣ್ಣಗಾದ ಇಡ್ಲಿ, ಅದರ ಮೇಲೆ ಅವಳ ಕಣ್ಣೀರು. ಒಂದಾದ ಮೇಲೆ ಒಂದು, ನಾಲ್ಕು ತಿಂದಳು. ಅವಳಿಗೆ ತುತ್ತು ಕೊಟ್ಟು ಯಾರಾದರೂ ತಿನ್ನಿಸಿ ಎಷ್ಟು ವರ್ಷವಾಗಿತ್ತೋ. ಕೃಪೆ ಎಂಬ ಮಾತನ್ನು ಹುಟ್ಟಿದಾಗಿನಿಂದ ಕೇಳಿದ್ದಳು, ಹಾಡಿದ್ದಳು, ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದಳು. ಅದು ಹೀಗೆ ಒರಟು ಕೈಯಲ್ಲಿ, ಬೈದುಕೊಂಡೇ ಬರುತ್ತದೆಂದು ಗೊತ್ತಿರಲಿಲ್ಲ.

ಏಳೂವರೆಗೆ ಮನೆ ಮುಟ್ಟಿದಾಗ ಮಕ್ಕಳು ಊಟ ಮುಗಿಸಿ ನೆಲದ ಮೇಲೆ ಬಣ್ಣ ಹಚ್ಚುತ್ತಿದ್ದರು. ರೂತಮ್ಮ ಮಂಡಿಗೆ ಎಣ್ಣೆ ಹಚ್ಚಿಕೊಂಡು ಕುಳಿತಿದ್ದರು. ಹೆಪ್ಸಿಬಾ ಅವರ ಪಕ್ಕದಲ್ಲೇ ಕುಸಿದು ಕುಳಿತು ನಡೆದದ್ದನ್ನೆಲ್ಲ ಹೇಳಿದಳು.

"ಇಷ್ಟು ದೊಡ್ಡ ಕಷ್ಟದಲ್ಲೂ ಒಂದು ಪ್ರಾರ್ಥನೆ ನೆಟ್ಟಗೆ ಮಾಡೋಕಾಗ್ಲಿಲ್ಲ ಅತ್ತೆ. ಕರ್ತನೇ, ಕರ್ತನೇ ಅಂದೆ, ಅಷ್ಟೇ. ನಿಮ್ಮ ಥರ ಕೂತು ಮಾಡೋದು ನಂಗೆ ಯಾವತ್ತೂ ಬರಲ್ಲ."

ರೂತಮ್ಮ ಮಂಡಿ ತಿಕ್ಕುವುದನ್ನು ನಿಲ್ಲಿಸಿದರು. "ಜಯಕರ ಚಿಕ್ಕೋನಿದ್ದಾಗ ನಾನೂ ಒಂದು ದಿನ ಕೂತು ಓದ್ದೋಳಲ್ಲ ಕಣೇ," ಅಂದರು. "ನಾಲ್ಕು ಮನೆ ಕೆಲ್ಸ, ಮೂರು ಮಕ್ಳು. ಚರ್ಚಿಗೆ ಹೋದ್ರೆ ಕೂತಲ್ಲೇ ತೂಕಡಿಸ್ತಿದ್ದೆ. ಐದು ಗಂಟೆಗೆ ಕೂರೋದು ಕಲ್ತಿದ್ದು ನೀನು ಈ ಮನೆಗೆ ಬಂದ್ಮೇಲೆ. ನೀನು ಎದ್ದು ಬಿಸಿನೀರು ಕೊಡ್ತೀಯಲ್ಲ, ಅದಕ್ಕೆ. ಇದನ್ನ ನಿಂಗೆ ಹೇಳ್ಬೇಕು ಅಂತ ಎಷ್ಟೋ ಸಲ ಅಂದ್ಕೊಂಡೆ. ನಾಚ್ಕೆ ಆಗ್ತಿತ್ತು."

ಹೆಪ್ಸಿಬಾ ಅತ್ತೆಯ ಮುಖವನ್ನು ಮೊದಲ ಸಲ ನೋಡುವಂತೆ ನೋಡಿದಳು. ಎಣ್ಣೆ ಬಟ್ಟಲು ಕೈಗೆ ತೆಗೆದುಕೊಂಡು ಅವರ ಇನ್ನೊಂದು ಮಂಡಿ ತಿಕ್ಕತೊಡಗಿದಳು. ರೂತಮ್ಮ ಅವಳ ತಲೆಯ ಮೇಲೆ ಕೈಯಿಟ್ಟರು. ಏನಾದರೂ ಪ್ರಾರ್ಥನೆ ಹೇಳುತ್ತಾರೇನೋ ಎಂದುಕೊಂಡಳು. ಅವರು ಏನೂ ಹೇಳಲಿಲ್ಲ, ಕೈಯನ್ನೂ ತೆಗೆಯಲಿಲ್ಲ.

ಸೋಮವಾರ ಸುಧಾಗೆ ಫೋನು ಮಾಡಿ ಮೆಷಿನ್ನಿನ ಮಾತು ಸುಳ್ಳೆಂದು ಹೇಳಿದಳು. ಅವಳು ಸಿಟ್ಟಾದಳು, ಆ ಸಿಟ್ಟು ಇಳಿಯಲೂ ಇಲ್ಲ. ಲಕ್ಷ್ಮೀಕಾಂತ್ ಒಂದು ವಾರ ಹೆಪ್ಸಿಬಾಳ ಜೊತೆ ಮಾತಾಡಲಿಲ್ಲ. ಕೆಲಸ ಹೋಗುತ್ತದೆಂದು ಅವಳು ದಿನಾ ಹೆದರುತ್ತಲೇ ಬಸ್ಸು ಹತ್ತುತ್ತಿದ್ದಳು. ಎಂಟನೆಯ ದಿನ ಅವನೇ ಬಂದು, ಇನ್ನು ಮೇಲೆ ಟ್ಯೂಬಿನ ಮೇಲೆ ಹೆಸರು ಬರೆಯುವಾಗ ರೋಗಿಯ ಬಾಯಿಂದಲೇ ಹೆಸರು ಹೇಳಿಸಬೇಕು, ಫೋನು ಡ್ರಾಯರಿನಲ್ಲಿರಬೇಕು ಎಂದ. ಮಕ್ಕಳ ಶಾಲೆಯವರಿಗೆ ತನ್ನ ನಂಬರನ್ನೂ ಕೊಟ್ಟಿರಿ ಎಂದು ಸೇರಿಸಿದ.

ದಿಗಿಲು ಪೂರ್ತಿ ಹೋಗಲಿಲ್ಲ. ಒಂದೊಂದು ಟ್ಯೂಬನ್ನೂ ಮೂರು ಸಲ ಓದುತ್ತಾಳೆ. ಬಸ್ಸಿನಲ್ಲಿ ಈಗಲೂ ಉದ್ದಿನ ಬೇಳೆ, ಯೂನಿಫಾರಂ ಎಲ್ಲ ನೆನಪಾಗುತ್ತವೆ. ಅವುಗಳನ್ನೇ ಒಂದೊಂದಾಗಿ ದೇವರಿಗೆ ಹೇಳುತ್ತಾಳೆ. ಕೇಳಿಸಿಕೊಳ್ಳುವವನು ನಿಟ್ಟುಸಿರು ಬಿಡುತ್ತಾನೆಂದು ಈಗ ಅನ್ನಿಸುವುದಿಲ್ಲ.

ಹತ್ತೊಂಬತ್ತನೆಯ ದಿನ ಗಂಗರಾಜುವಿನ ಫೋನು ಬಂತು. ಹೆಸರು ನೋಡಿದವಳೇ ಎತ್ತಿದಳು. ಅವನು ಹಲೋ ಕೂಡ ಅನ್ನಲಿಲ್ಲ. "ಹೆಣ್ಣು ಮಗು," ಅಂದ. "ರಕ್ತ ಬಾಳ ಹೋಯ್ತು, ಆದ್ರೂ ತಡ್ಕಂಡವ್ಳೆ. ತಗೊಳಿ, ಮಾತಾಡ್ಬೇಕಂತೆ."

ಶಶಿಕಲಾಳ ದನಿ ಸಣ್ಣಗಿತ್ತು. "ಅಕ್ಕ, ನಿಮ್ಗೆ ಈಗ ರಕ್ತ ಎಷ್ಟೈತೆ?"

"ಹತ್ತೂವರೆಗೆ ಬಂದಿದೆ."

"ಸಾಲ್ದು," ಅಂದಳು ಅವಳು. "ಅಮ್ಮ ಹೇಳ್ತಾವ್ಳೆ, ಭಾನುವಾರ ಮಕ್ಳುನ್ನ ಕರ್ಕಂಡು ಊಟಕ್ಕೆ ಬರ್ಬೇಕಂತೆ."